ಮೂಲೆಮಟ್ಟದ ಮೇಸ್ತ್ರಿ ಮತ್ತು ನಾಲ್ಕನೆಯ ರಹಸ್ಯ

ಬಡಗಿ ಕೆಲಸದಲ್ಲಿ ಐವತ್ತೊಂದು ವರ್ಷ, ದಾಂಪತ್ಯದಲ್ಲಿ ನಲವತ್ತಾರು ವರ್ಷ ಮತ್ತು ಚರ್ಚಿನ ಎಡಸಾಲಿನ ಮೂರನೆಯ ಬೆಂಚಿನಲ್ಲಿ, ಕಂಬದ ಪಕ್ಕ, ಲೆಕ್ಕವಿಲ್ಲದಷ್ಟು ಹೊತ್ತು ಕಳೆದ ಆ ಮನುಷ್ಯರನ್ನು ಬೀದಿಯವರು ಹೆಸರು ಹಿಡಿದು ಕರೆದದ್ದು ಅವರ ಹೆಂಡತಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಅವರು ಮೂಲೆಮಟ್ಟದ ಮೇಸ್ತ್ರಿ. ಮೂಲೆಮಟ್ಟವೆಂದರೆ ಮರದ ಮೂಲೆ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಲು ಎರಡು ಪಟ್ಟಿಗಳನ್ನು ಲಂಬಕೋನಕ್ಕೆ ಜೋಡಿಸಿದ ಸಾಧನ. ಬೇರೆ ಬಡಗಿಗಳು ಕೆಲಸ ಮುಗಿದ ಮೇಲೆ ಅದನ್ನು ಗೋಡೆಗೆ ನೇತುಹಾಕುತ್ತಾರೆ. ಇವರು ಸೊಂಟಪಟ್ಟಿಗೆ ಸಿಕ್ಕಿಸಿಕೊಂಡು ಚರ್ಚಿನ ಬಲಿಪೂಜೆಗೂ ಹೋಗುತ್ತಿದ್ದರು. ಹಿರಿಮಗಳನ್ನು ಮದುವೆಯಾಗುವ ಆಸೆಯಿಂದ ಮಾತಾಡಲು ಬಂದ ಹುಡುಗ ಕುರ್ಚಿಯಲ್ಲಿ ಬೆನ್ನು ಬಗ್ಗಿಸಿ ಕೂತದ್ದನ್ನು ಕಂಡು, ಅವನ ಬೆನ್ನಿಗೂ ಕುರ್ಚಿಯ ಬೆನ್ನಿಗೂ ನಡುವೆ ಮೂಲೆಮಟ್ಟ ಹಿಡಿದು, "ಕುರ್ಚಿ ಸರಿಯಾಗೇ ಇದೆ" ಎಂದಷ್ಟೇ ಹೇಳಿ ಒಳಗೆ ಹೋದರಂತೆ. ಆ ಹುಡುಗನೇ ಮುಂದೆ ಅವರ ಹಿರಿಯ ಅಳಿಯನಾದ. ಮಾವನ ಪಟದ ಮುಂದೆ ಅವನು ಇಂದಿಗೂ ಸೆಟೆದು ನಿಲ್ಲುತ್ತಾನೆ.

ಮೇಸ್ತ್ರಿ ತೀರಿಕೊಂಡು ಎರಡು ವರ್ಷವಾಗಿದೆ. ಹೆಂಡತಿ, ಐವರು ಮಕ್ಕಳು, ಎದುರುಮನೆಯ ದರ್ಜಿ, ಇವರೆಲ್ಲ ಬೇರೆ ಬೇರೆ ಕೂತು ಅವರ ಬದುಕನ್ನು ನೆನೆದರೂ ಮಾತು ಸುತ್ತಿ ಬಳಸಿ ಬಂದು ನಿಲ್ಲುವುದು ಒಂದೇ ಕಡೆ: ಅವರು ಚರ್ಚಿಗೆ ಮಾಡಿಕೊಟ್ಟ ಪಾಪನಿವೇದನೆಯ ಗೂಡಿನ ಬಳಿ. ಗೂಡಿನ ಕತೆ ಅರ್ಥವಾಗಬೇಕಾದರೆ ಮೊದಲು ಮನೆಯ ಜಪಸರದ ಕತೆ ತಿಳಿದಿರಬೇಕು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಗಡಿಯಾರವಿರಲಿಲ್ಲ. ಅಂಟು ಹಿಡಿಯಲು ಎರಡು ಸ್ತುತಿಮಾಲೆ, ಮೆರುಗೆಣ್ಣೆಯ ಮೊದಲ ಕೋಟು ಆರಲು ಮೂರು ಪೂರ್ತಿ ಜಪಸರ, ಹೀಗೆ ಪ್ರಾರ್ಥನೆಗಳೇ ಅವರ ಕಾಲಮಾನ. "ಎಷ್ಟು ಹೊತ್ತಾಗುತ್ತೆ ಮೇಸ್ತ್ರೀ?" ಎಂದು ಗಿರಾಕಿ ಕೇಳಿದರೆ, "ಇನ್ನೊಂದು ವಿಶ್ವಾಸಪ್ರಮಾಣ, ಮೂರು ನಮೋ ಮರಿಯ" ಎಂಬ ಉತ್ತರ. ಚರ್ಚಿನ ಮುಖವನ್ನೇ ನೋಡದ ಗಿರಾಕಿಗಳೂ ಕ್ರಮೇಣ ಈ ಅಳತೆಗೆ ಒಗ್ಗಿಕೊಂಡಿದ್ದರು. "ಹಾಗಾದ್ರೆ ಅರ್ಧ ಜಪಸರ ಬಿಟ್ಟು ಬರ್ತೀನಿ" ಎಂದು ಹೇಳಿ ಹೋಗುತ್ತಿದ್ದರು.

ಮೇಸ್ತ್ರಿ ನಸುಕಿನ ನಾಲ್ಕೂವರೆಗೆ ಎದ್ದು ಮೊದಲ ಪೂಜೆಗೆ ಹೋಗಿ ಬಂದು ಗರಗಸ ಹಿಡಿದರೆ ಮತ್ತೆ ಬೆನ್ನು ನೇರ ಮಾಡುತ್ತಿದ್ದುದು ಸಂಜೆ ಏಳಕ್ಕೆ. ಏಳಕ್ಕೆ ಮನೆಮಂದಿಯೆಲ್ಲ ನಡುಮನೆಯಲ್ಲಿ ಮಂಡಿಯೂರಬೇಕು. ಜಪಸರದಲ್ಲಿ ರಹಸ್ಯಗಳೆಂಬ ಐದು ಭಾಗ, ಒಂದೊಂದಕ್ಕೂ ಹತ್ತು ಮಣಿ, ಮಣಿಗೊಂದು ನಮೋ ಮರಿಯ, ಒಂದೊಂದನ್ನೂ ನಡೆಸಲು ಒಬ್ಬೊಬ್ಬರು. ಮೊದಲನೆಯದು ಮೇಸ್ತ್ರಿಯದು. ಎರಡನೆಯದು ಹೆಂಡತಿಯದು, ಬೀದಿಯವರ ಪಾಲಿಗೆ ಆಕೆ ಮೇಸ್ತ್ರಿಯಮ್ಮ. ಮೂರನೆಯದು ಹಿರಿಮಗಳದು. ಆಕೆಯ ಧ್ವನಿಯಲ್ಲಿ ಅದೇನಿತ್ತೋ, ಮೂರನೆಯ ರಹಸ್ಯದ ನಾಲ್ಕನೆಯ ಮಣಿ ದಾಟುವುದರೊಳಗೆ ಮೇಸ್ತ್ರಿಯ ಗಲ್ಲ ಎದೆಗೆ ತಾಗುತ್ತಿತ್ತು. ಮಂಡಿಯ ಮೇಲೆಯೇ, ಒಂದಿಷ್ಟೂ ವಾಲದೆ, ತಾವೇ ಮಾಡಿದ ಸ್ಟೂಲಿನಂತೆ ಭದ್ರವಾಗಿ ನಿದ್ರಿಸುತ್ತಿದ್ದರು. ಎಚ್ಚರವಾಗುತ್ತಿದ್ದುದು ಐದನೆಯ ರಹಸ್ಯದ ನಡುವೆ. ಎಚ್ಚರವಾದೊಡನೆ, ಯಾರು ಏನು ಹೇಳುತ್ತಿದ್ದರೂ ಸರಿ, "ಆಮೆನ್!" ಎಂದು ಗುಡುಗಿ, ಪ್ರಾರ್ಥನೆ ಮುಗಿದ ಮೇಲೆ ಮಕ್ಕಳತ್ತ ತಿರುಗಿ, "ಮನಸ್ಸಿಟ್ಟು ಹೇಳಿದ್ರೆ ಜಪಸರ ಎಷ್ಟು ಬೇಗ ಮುಗಿಯುತ್ತೆ ನೋಡಿದ್ರಾ?" ಎನ್ನುತ್ತಿದ್ದರು.

ಬೇಗ ಮುಗಿಯಲು ಕಾರಣವಿತ್ತು. ನಾಲ್ಕನೆಯ ರಹಸ್ಯವನ್ನು ಆ ಮನೆಯಲ್ಲಿ ಯಾರೂ ಹೇಳುತ್ತಲೇ ಇರಲಿಲ್ಲ. ಗಲ್ಲ ಎದೆಗೆ ತಾಗಿದ್ದೇ ತಡ, ಮೇಸ್ತ್ರಿಯಮ್ಮ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರು. ಮೂರರಿಂದ ನೇರ ಐದಕ್ಕೆ ಹಾರುತ್ತಿದ್ದರು. ಹಿರಿಮಗಳು ತೊಟ್ಟಿಲಲ್ಲಿದ್ದಾಗ ಶುರುವಾದ ಈ ಹಾರಾಟಕ್ಕೆ ಗೂಡಿನ ಪ್ರಸಂಗ ನಡೆದ ವರ್ಷ ಇಪ್ಪತ್ತೆರಡು ತುಂಬಿತ್ತು. ಮಕ್ಕಳು ಬೆಳೆದು ರಹಸ್ಯಗಳನ್ನು ಹಂಚಿಕೊಂಡಾಗ ನಾಲ್ಕನೆಯದು ಎರಡನೆಯ ಮಗನ ಪಾಲಿಗೆ ಬಂತು. ಹೀಗಾಗಿ ಹತ್ತೊಂಬತ್ತು ವರ್ಷವಾದರೂ ಅವನಿಗೆ ಮನೆಯ ಪ್ರಾರ್ಥನೆ ನಡೆಸುವ ಪ್ರಮೇಯವೇ ಬಂದಿರಲಿಲ್ಲ. ಅದು ತಿಳಿಯದ ತಂದೆ ಮಾತ್ರ, "ನಮ್ಮ ಎರಡನೆಯವನು ನಾಲ್ಕನೇ ರಹಸ್ಯ ಹೇಳಿದ್ರೆ ಸ್ವರ್ಗಾನೇ ಕಂಡ ಹಾಗಾಗುತ್ತೆ" ಎಂದು ದರ್ಜಿಯ ಮುಂದೆ ಹೊಗಳುತ್ತಿದ್ದರು. ಅವರು ಕಾಣುತ್ತಿದ್ದುದು ಕನಸೆಂದು ದರ್ಜಿಗೂ ಗೊತ್ತಿರಲಿಲ್ಲ.

ಆ ವರ್ಷ ಚರ್ಚಿನ ಹಳೆಯ ಗೂಡಿಗೆ ಗೆದ್ದಲು ಹಿಡಿಯಿತು. ಪಾದ್ರಿಗಳು ಮೇಸ್ತ್ರಿಯನ್ನು ಕರೆಸಿದರು. ಪಾದ್ರಿಗಳದು ಭಾರಿ ದೇಹ. ಗೂಡು ಹೊಕ್ಕರೆ ಬಾಗಿಲು ನಿಟ್ಟುಸಿರು ಬಿಡುತ್ತಿತ್ತು.

"ಮೇಸ್ತ್ರೀ, ಜನರ ಪಾಪ ಕೇಳಿ ನನಗೆ ಸುಸ್ತಾಗಲ್ಲ, ಗಾಳಿ ಇಲ್ದೆ ಸುಸ್ತಾಗುತ್ತೆ. ಒಳಗೆ ಕೂತ್ರೆ ಹಬೆಯಲ್ಲಿ ಬೆಂದ ಹಾಗಾಗುತ್ತಪ್ಪ. ಹೊಸದಕ್ಕೆ ಮೇಲ್ಗಡೆ ಮುಚ್ಚಬೇಡ."

"ಮುಚ್ಚದೆ ಬಿಟ್ರೆ ಬೋಳು ಕಾಣುತ್ತೆ, ಫಾದರ್."

"ಕಾಣ್ಲಿ ಬಿಡು. ನನ್ನ ತಲೆ ಕಾಣಲ್ವಾ?"

ತಲೆಯ ವಿಷಯದಲ್ಲಿ ಮೇಸ್ತ್ರಿ ಏನೂ ಮಾಡುವಂತಿರಲಿಲ್ಲ. ಗೂಡಿನ ವಿಷಯದಲ್ಲಿ ಮಾಡಬಹುದಿತ್ತು. ಐದು ತಿಂಗಳು, ಬೇರೆ ಕೆಲಸ ಮುಗಿಸಿಕೊಂಡು, ಒಂದು ಮೊಳೆಯನ್ನೂ ಹೊಡೆಯದೆ, ಬರೀ ಕಚ್ಚು ಕೂಡಿಸಿ ಅದನ್ನು ಕಟ್ಟಿದರು. ನಡುವೆ ಪಾದ್ರಿಗಳ ತಗ್ಗಾದ ಆಸನ, ಅದರ ಮುಂದೆ ದಪ್ಪ ಪರದೆ. ಎರಡು ಬದಿಗೂ ಪಾಪ ಹೇಳಿಕೊಳ್ಳುವವರು ಮಂಡಿಯೂರುವ ಜಾಗ, ನಡುವೆ ಜಾಲರಿ. ಮೇಲ್ಭಾಗ ತೆರೆದೇ ಇತ್ತು. ಆದರೆ ಬೋಳು ಕಾಣದಿರಲೆಂದು ಎರಡು ಬದಿಗೂ ತಲೆಯ ಮೇಲೆ ಒಂದೊಂದು ದೊಡ್ಡ ಚಿಪ್ಪು. ಸಮುದ್ರದ ಕಪ್ಪೆಚಿಪ್ಪಿನಂತೆ ಅರ್ಧ ತೆರೆದ, ಒಳಮೈಯನ್ನು ಕನ್ನಡಿಯಂತೆ ಉಜ್ಜಿದ, ಮರದ ಚಿಪ್ಪು. ನೋಡಿದವರೆಲ್ಲ ಬೆರಳು ಕಚ್ಚಿದರು. ಗೋಡೆಗೆ ಕಿವಿಯಿರುತ್ತದೆಂದು ಗಾದೆ ಎಚ್ಚರಿಸುತ್ತದೆ. ಚಿಪ್ಪಿಗೆ ಬಾಯಿ ಬರಬಹುದೆಂದು ಯಾವ ಗಾದೆಯೂ ಎಚ್ಚರಿಸಿರಲಿಲ್ಲ. ಅದರ ಕೆಳಗೆ ಯಾರಾದರೂ ಪಿಸುಗುಟ್ಟಿದರೆ ಆ ಧ್ವನಿ ಚಿಪ್ಪಿಗೆ ಬಡಿದು, ಕಮಾನಿನ ಚಾವಣಿಗೆ ಏರಿ, ಅಲ್ಲಿಂದ ಜಾರಿ, ಎಡಸಾಲಿನ ಮೂರನೆಯ ಬೆಂಚಿಗೆ ಬಂದಿಳಿಯುತ್ತಿತ್ತು. ಎರಡನೆಯ ಬೆಂಚಿಗಿಲ್ಲ, ನಾಲ್ಕನೆಯದಕ್ಕಿಲ್ಲ. ಪರದೆಯ ಹಿಂದೆ ತಗ್ಗಿನಲ್ಲಿ ಕೂತ ಪಾದ್ರಿಗಳ ಮಾತು ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಅಂದರೆ ಮೂರನೆಯ ಬೆಂಚಿನವರಿಗೆ ಪಾಪ ಪೂರ್ತಿ ಕೇಳುತ್ತಿತ್ತು. ಅದಕ್ಕೆ ಸಿಕ್ಕ ಉತ್ತರ ಒಂದಕ್ಷರವೂ ಕೇಳುತ್ತಿರಲಿಲ್ಲ.

ಹೊಸ ಗೂಡಿನ ಮೊದಲ ಶನಿವಾರ. ಮೇಸ್ತ್ರಿ ಎಂದಿನಂತೆ ಕಂಬದ ಪಕ್ಕ ಕೂತು, ಎದುರಿಗಿದ್ದ ಸಂತ ಜೋಸೆಫರ ಪ್ರತಿಮೆಯತ್ತ ನೋಡಿ, ಒಬ್ಬ ಬಡಗಿ ಇನ್ನೊಬ್ಬ ಬಡಗಿಗೆ ಕೆಲಸ ತೋರಿಸುವ ಭಾವದಲ್ಲಿ ಗೂಡಿನ ಕಡೆ ಕಣ್ಣು ಹೊರಳಿಸಿದರು. ಆಗ ಚಾವಣಿಯಿಂದ ಹೆಂಡತಿಯ ಧ್ವನಿ ಇಳಿಯಿತು.

"ಫಾದರ್, ಇಪ್ಪತ್ತೆರಡು ವರ್ಷದಿಂದ ನಮ್ಮ ಯಜಮಾನರಿಗೆ ಮೋಸ ಮಾಡ್ತಿದ್ದೀನಿ."

ಮೇಸ್ತ್ರಿಯ ಜೀವ ಬಾಯಿಗೆ ಬಂತು. ಕಿವಿ ಮುಚ್ಚಿಕೊಳ್ಳಬೇಕೆಂದು ಹೊಳೆಯಿತು. ಆದರೆ ಒಂದು ಕೈಯಲ್ಲಿ ಜಪಸರ, ಇನ್ನೊಂದರಲ್ಲಿ ಟೋಪಿ.

"ದಿನಾ ಸಂಜೆ ಅವರ ಕಣ್ಣು ಯಾವಾಗ ಮುಚ್ಚುತ್ತೆ ಅಂತ ಕಾಯ್ತಿರ್ತೀನಿ, ಫಾದರ್."

ಟೋಪಿ ಕೆಳಗೆ ಬಿತ್ತು.

"ಮುಚ್ಚಿದ ತಕ್ಷಣ ನಾಲ್ಕನೇ ರಹಸ್ಯ ಹಾರಿಸಿಬಿಡ್ತೀನಿ."

ಅಷ್ಟರಲ್ಲಿ ಎರಡು ಬೆರಳುಗಳೂ ಎರಡು ಕಿವಿಗಳನ್ನು ಸೇರಿದ್ದವು. ಮುಂದಿನದು ಕೇಳಲಿಲ್ಲ. ಬೆಟ್ಟದಂಥ ಭಯ ಕರಗಿ ಹೋದ ಸಮಾಧಾನದಲ್ಲಿ ಅವರು ನಕ್ಕೇಬಿಡುತ್ತಿದ್ದರು. ಮರುಕ್ಷಣ ವಿಷಯದ ತೂಕ ತಿಳಿದು ನಗು ಅಲ್ಲೇ ಇಂಗಿತು. ಇಪ್ಪತ್ತೆರಡು ವರ್ಷ! ಪೆನ್ಸಿಲು ಕಿವಿಯ ಮೇಲೆಯೇ ಇತ್ತು. ಬೆಂಚಿನ ಅಡಿಯಲ್ಲಿ ಯಾರಿಗೂ ಕಾಣದಂತೆ ಗುಣಿಸಿದರು. ಅಧಿಕ ವರ್ಷಗಳ ದಿನ ಬಿಟ್ಟು ಎಂಬತ್ತು ಸಾವಿರದ ಮುನ್ನೂರು ನಮೋ ಮರಿಯ! ಆ ಗುಣಾಕಾರ ಬೆಂಚಿನ ಅಡಿಯಲ್ಲಿ ಇಂದಿಗೂ ಇದೆ.

ಹೇಗೂ ಹೇಳಿಕೊಂಡಳಲ್ಲ, ಇನ್ನು ಹಾರಿಸುವುದಿಲ್ಲ ಎಂಬ ನೆಮ್ಮದಿಯಿಂದ ಅಂದು ಸಂಜೆ ಅವರು ಮಂಡಿಯೂರಿದರು. ಮೂರನೆಯ ರಹಸ್ಯದಲ್ಲಿ ರೂಢಿಯಂತೆ ರೆಪ್ಪೆ ಮುಚ್ಚಿತು, ಗಲ್ಲ ಇಳಿಯಿತು. ನಿದ್ದೆ ಮಾತ್ರ ಬರಲಿಲ್ಲ. ಮೂರನೆಯದು ಮುಗಿಯಿತು. ಆಮೇಲೆ ಕಿರಿಮಗಳ ಕಂಠದಲ್ಲಿ ಐದನೆಯದು ಆರಂಭವಾಯಿತು.

ಮೂವತ್ತು ವರ್ಷ ಭಾನುವಾರದ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟವರು ಮೇಸ್ತ್ರಿಯೇ. ಬಿಡುವ ಸಂಕಲ್ಪವಿಲ್ಲದೆ ಪಾಪ ಹೇಳಿಕೊಂಡರೆ ಕ್ಷಮೆ ತಾಗುವುದಿಲ್ಲ, ಅದು ಮೊಳೆ ಕಿತ್ತು ಅದೇ ತೂತಿಗೆ ಮತ್ತೆ ಹೊಡೆದಂತೆ ಎಂದು ಉದಾಹರಣೆ ಕೊಟ್ಟವರೂ ಅವರೇ. ಈಗ ಸ್ವಂತ ಹೆಂಡತಿ, ಪಾಪ ಹೇಳಿಕೊಂಡ ಮೂರೇ ಗಂಟೆಯಲ್ಲಿ, ಅದೇ ತೂತಿಗೆ ಮೊಳೆ ಹೊಡೆದಿದ್ದಳು. ಅವಳ ಆತ್ಮದ ಗತಿಯೇನು? ಒಂದು ಮಾತು ಹೇಳಿ ತಿದ್ದೋಣವೆಂದರೆ, ಅದೇ ಮಕ್ಕಳಿಗೆ ಅವರೇ ಇನ್ನೊಂದು ಪಾಠ ಹೇಳಿದ್ದರು: ಬೇರೆಯವರ ಪಾಪನಿವೇದನೆ ಅಕಸ್ಮಾತ್ತಾಗಿ ಕಿವಿಗೆ ಬಿದ್ದವನೂ ಪಾದ್ರಿಯಷ್ಟೇ ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಹೇಳುವಂತಿಲ್ಲ, ಸುಳಿವು ಕೊಡುವಂತಿಲ್ಲ, ಕೇಳಿದ್ದನ್ನು ಬಳಸಿಕೊಳ್ಳುವಂತೆಯೂ ಇಲ್ಲ. ನಾಲ್ಕನೆಯ ರಹಸ್ಯದ ಹೊತ್ತಿಗೆ ಸುಮ್ಮನೆ ಕಣ್ಣು ಬಿಟ್ಟರೆ ಸಾಕಿತ್ತು. ಆದರೆ ಅದೂ ಬಳಸಿಕೊಂಡಂತೆಯೇ. ಬಿಸಿ ತುಪ್ಪ ಬಾಯಲ್ಲಿತ್ತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಉಳಿದದ್ದು ಒಂದೇ ದಾರಿ: ಎಂದಿನಂತೆ ನಿದ್ರಿಸುವುದು. ಆದರೆ ನಿದ್ದೆ ಹಾರಿಹೋಗಿತ್ತು. ಆದ್ದರಿಂದ ನಿದ್ರಿಸಿದಂತೆ ನಟಿಸತೊಡಗಿದರು. ತಾನು ಹೇಗೆ ನಿದ್ರಿಸುತ್ತೇನೆಂದು ಯಾವ ಮನುಷ್ಯನೂ ನೋಡಿರುವುದಿಲ್ಲ. ಹೀಗಾಗಿ ಗೊರಕೆಯ ಶ್ರುತಿ ತಪ್ಪಿತು.

"ಅಪ್ಪಾ, ನಿಂಗೆ ಹುಷಾರಿಲ್ವಾ? ನಿದ್ದೆಯಲ್ಲಿ ಕುದುರೆ ಥರ ಸದ್ದು ಮಾಡ್ತಿದ್ದೆ," ಎಂದಳು ಕಿರಿಮಗಳು.

"ಬೆಳಿಗ್ಗೆ ಮರದ ಪುಡಿ ಮೂಗಿಗೆ ಹೋಗಿತ್ತಮ್ಮ," ಎಂದರು ಮೇಸ್ತ್ರಿ. ಅದು ಎರಡನೆಯ ಸುಳ್ಳು. ನಟನೆ ಮೊದಲನೆಯದು.

ಒಂದು ವಾರ ಹೀಗೆ ಕಳೆಯಿತು. ಜೀವಮಾನದಲ್ಲಿ ಒಮ್ಮೆಯೂ ಸೊಟ್ಟ ಕೆಲಸ ಮಾಡದ ಕೈ, ನಾಲ್ಕನೆಯ ಕಾಲು ಗಿಡ್ಡವಾದ ಒಂದು ಸ್ಟೂಲನ್ನು ಹೆತ್ತಿತು. ಗಿರಾಕಿ ಅದನ್ನು ಹಿಂದಿರುಗಿಸಲಿಲ್ಲ. ಮೂಲೆಮಟ್ಟದ ಮೇಸ್ತ್ರಿಯ ಕೈ ತಪ್ಪಿದ್ದಕ್ಕೆ ಸಾಕ್ಷಿಯೆಂದು ಮನೆಯಲ್ಲಿಟ್ಟುಕೊಂಡ.

ಎರಡನೆಯ ಶನಿವಾರ ಮೇಸ್ತ್ರಿ ಚರ್ಚಿಗೆ ಹೋದಾಗ ಮೂರನೆಯ ಬೆಂಚು ತುಂಬಿತ್ತು. ಕಂಬದ ಪಕ್ಕ, ಮೆತ್ತೆ ಹಾಕಿಕೊಂಡು, ದರ್ಜಿ ಕೂತಿದ್ದ.

"ಏನಯ್ಯಾ, ವರ್ಷಕ್ಕೊಂದ್ಸಲ ಈ ಕಡೆ ತಲೆ ಹಾಕೋನು, ಶನಿವಾರ ಬಂದಿದ್ದೀಯ?"

"ಭಕ್ತಿ ಮೇಸ್ತ್ರೀ, ಭಕ್ತಿ. ವಯಸ್ಸಾಯ್ತಲ್ಲ."

"ಮುಂದಿನ ಬೆಂಚು ಪೂರ್ತಿ ಖಾಲಿ ಇದೆ. ಅಲ್ಲಿ ಕೂತ್ಕೋ ಹೋಗು."

"ಅಲ್ಲಿ ಇಷ್ಟು ಭಕ್ತಿ ಬರಲ್ಲ," ಎಂದ ದರ್ಜಿ, ಗೂಡಿನೊಳಗೆ ಬ್ರೆಡ್ ಅಂಗಡಿಯವಳು ಹೋಗುತ್ತಿದ್ದುದನ್ನು ಕಂಡು ಬಾಯಿಯ ಮೇಲೆ ಬೆರಳಿಟ್ಟ.

ಮೇಸ್ತ್ರಿಗೆ ಎಲ್ಲ ಅರ್ಥವಾಯಿತು. ಮುಂದಿನ ಶುಕ್ರವಾರ ಪಾದ್ರಿಗಳನ್ನು ಒಬ್ಬರೇ ಇದ್ದಾಗ ಹಿಡಿದರು.

"ಫಾದರ್, ಗೂಡು ಸೋರುತ್ತಿದೆ."

"ಚಾವಣಿ ಸೋರುತ್ತಾ?"

"ನೀರಲ್ಲ, ಫಾದರ್. ಮಾತು. ಮೂರನೇ ಬೆಂಚಿಗೆ ಕೇಳಿಸುತ್ತೆ."

"ಏನು ಕೇಳಿಸ್ತು ನಿನಗೆ?"

"ಅದನ್ನ ಹೇಳೋ ಹಾಗಿಲ್ಲ."

"ಯಾರದ್ದು ಕೇಳಿಸ್ತು?"

"ಅದನ್ನೂ ಹೇಳೋ ಹಾಗಿಲ್ಲ."

"ಹಾಗಾದ್ರೆ ನಿಜವಾಗ್ಲೂ ಕೇಳಿಸ್ತು ಅಂತ ನಾನು ನಂಬೋದು ಹೇಗೆ ಮಾರಾಯ?"

ಪರೀಕ್ಷೆ ಮಾಡಿಯೇ ಬಿಡೋಣವೆಂದು ಇಬ್ಬರೂ ಹೊರಟರು. ಪಾದ್ರಿಗಳು ತಮ್ಮ ಆಸನದಲ್ಲಿ ಕೂತು ಏನೋ ಹೇಳಿದರು; ಬೆಂಚಿಗೆ ಏನೂ ಬರಲಿಲ್ಲ. "ನೋಡಿದ್ಯಾ? ನಿನ್ನ ಭ್ರಮೆ!" ಎಂದರು. ಆ ಕಡೆ ಮಂಡಿಯೂರಿ ಮಾತಾಡಬೇಕೆಂದು ಮೇಸ್ತ್ರಿ ಕೈಮುಗಿದು ಬೇಡಿಕೊಂಡರು. ಪಾದ್ರಿಗಳು ಏದುಸಿರು ಬಿಡುತ್ತ ಚಿಪ್ಪಿನ ಕೆಳಗೆ ಮಂಡಿಯೂರಿದರು. ಮಂಡಿಯೂರಿದಾಗ ಮನುಷ್ಯನ ನಾಲಿಗೆ ತನ್ನ ಹಳೆಯ ಜಾಡು ಹಿಡಿಯುತ್ತದೆ. ಒಂದೆರಡು ನಿಮಿಷ ಪಿಸುಮಾತು ನಡೆಯಿತು. ಅವರೇನು ಹೇಳಿದರೆಂಬುದು ಇಂದಿಗೂ ಯಾರಿಗೂ ತಿಳಿಯದು. ಮೇಸ್ತ್ರಿ ಅದನ್ನು ಸಾಯುವವರೆಗೆ ಬಾಯಿ ಬಿಡಲಿಲ್ಲ.

"ಈಗ ಕೇಳಿಸ್ತಾ?" ಎಂದು ಪಾದ್ರಿಗಳು ತಲೆ ಹೊರಗೆ ಹಾಕಿದರು.

"ಕ್ಷಮಿಸಿ ಫಾದರ್. ಕೇಳಿಸ್ತೋ ಇಲ್ವೋ ಅಂತಾನೂ ಹೇಳೋ ಹಾಗಿಲ್ಲ."

"ಅಯ್ಯೋ, ಹೇಳಿದೋನು ನಾನೇ, ಕೇಳ್ತಿರೋನೂ ನಾನೇ! ಹೇಳಯ್ಯಾ!"

ಮೇಸ್ತ್ರಿ ನೆಲ ನೋಡಿದರು. ಅವರ ಕಿವಿಗಳು ಕೆಂಡದ ಬಣ್ಣಕ್ಕೆ ತಿರುಗಿದ್ದವು. ಅದನ್ನು ಕಂಡ ಪಾದ್ರಿಗಳ ತಲೆಯೂ ಮೆಲ್ಲಗೆ ಅದೇ ಬಣ್ಣಕ್ಕೆ ತಿರುಗಿತು.

"ಸೋಮವಾರ ಚಿಪ್ಪು ಇಳಿಸು," ಎಂದರು ಕೊನೆಗೆ. "ನಾಳೆ ಒಂದಿನ ಹೇಗಾದ್ರೂ ಮಾಡಿ ಆ ಬೆಂಚಲ್ಲಿ ಯಾರೂ ಕೂರದ ಹಾಗೆ ನೋಡ್ಕೋ."

ಶನಿವಾರ ಬೆಳಿಗ್ಗೆ ಮೇಸ್ತ್ರಿ ಅಳತೆಗೆಂದು ಏಣಿ ಹಚ್ಚಿದರು. ಅರ್ಧ ಗಂಟೆಯಲ್ಲಿ ಸುದ್ದಿ ಹಬ್ಬಿ, ಚಿಪ್ಪು ತೆಗೆಯಬಾರದೆಂದು ಕೇಳಿಕೊಳ್ಳಲು ಹನ್ನೊಂದು ಜನ ಬಂದು ನಿಂತರು. ಮೂರನೆಯ ಬೆಂಚಿನಲ್ಲಿ ಒತ್ತಿ ಕೂತರೆ ಹಿಡಿಯುವುದೂ ಹನ್ನೊಂದೇ ಜನ. ಮುಂದಾಳು ದರ್ಜಿ.

"ಮೇಸ್ತ್ರೀ, ಇಂಥ ಕುಸುರಿ ಕೆಲಸ ಕೀಳೋದಕ್ಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತು? ಈ ಚಿಪ್ಪು ನಮ್ಮ ಚರ್ಚಿನ ಕಣ್ಣು!"

"ಕಣ್ಣೋ, ಕಿವಿಯೋ?" ಎಂದರು ಮೇಸ್ತ್ರಿ ಏಣಿಯ ಮೇಲಿಂದ.

ಹನ್ನೊಂದು ಜನಕ್ಕೂ ಒಟ್ಟಿಗೇ ಕೆಮ್ಮು ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಒಬ್ಬಾತ ತನ್ನ ಕಿವಿಯನ್ನೇ ಸವರಿಕೊಂಡ.

"ತೆಗೆಯೋದಕ್ಕೆ ಕಾರಣ ಏನು, ಅದನ್ನ ಹೇಳು," ಎಂದ ದರ್ಜಿ ಪಟ್ಟು ಬಿಡದೆ.

"ಇಟ್ಕೊಳ್ಳೋದಕ್ಕೆ ಕಾರಣ ಏನು, ಅದನ್ನ ನೀನು ಹೇಳು."

ಎಲ್ಲರಿಗೂ ಗೊತ್ತಿದ್ದ ಆ ಕಾರಣ ಸಭೆಯ ನಡುವೆ ಬಂದು ಕೂತಿತ್ತು. ಯಾರೂ ಅದರ ಮುಖ ನೋಡಲಿಲ್ಲ. ಸಭೆ ಕರಗಿತು.

ಸಂಜೆಯ ಹೊತ್ತಿಗೆ ಮೂರನೆಯ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಒಂದು ಹಲಗೆ ನಿಂತಿತ್ತು: 'ಮೆರುಗೆಣ್ಣೆ ಹಸಿ ಇದೆ, ಕೂರಬೇಡಿ.' ದರ್ಜಿ ಮೆತ್ತೆ ಕಂಕುಳಲ್ಲಿಟ್ಟುಕೊಂಡು ಬಂದು, ಓದಿ, ತನ್ನ ಹೊಸ ಪ್ಯಾಂಟನ್ನು ನೋಡಿಕೊಂಡು, ಭಕ್ತಿಯನ್ನು ಮುಂದಿನ ವಾರಕ್ಕೆ ಮುಂದೂಡಿ ಹೋದ. ಬೆಂಚು ಖಾಲಿಯಾದದ್ದನ್ನು ಎರಡೆರಡು ಬಾರಿ ನೋಡಿಕೊಂಡು ಮೇಸ್ತ್ರಿ ಗೂಡು ಹೊಕ್ಕರು. ಎರಡು ವಾರದ ನಟನೆಯ ಭಾರ ಇಳಿಸದೆ ಭಾನುವಾರ ಪರಮಪ್ರಸಾದ ಸ್ವೀಕರಿಸುವ ಧೈರ್ಯ ಅವರಿಗಿರಲಿಲ್ಲ.

ಅವರು ಒಳಗೆ ಹೋಗುವುದಕ್ಕೂ, ಗಂಡ ಇನ್ನೂ ಮನೆಗೆ ಬರಲಿಲ್ಲವೆಂದು ಹುಡುಕುತ್ತ ಮೇಸ್ತ್ರಿಯಮ್ಮ ಚರ್ಚಿಗೆ ಬರುವುದಕ್ಕೂ ಸರಿಹೋಯಿತು. ಆಕೆ ಹಲಗೆ ಓದಿದರು. ಮನೆಯಲ್ಲಿ ಮೆರುಗೆಣ್ಣೆಯ ಡಬ್ಬ ಖಾಲಿಯಾಗಿ ಎಂಟು ದಿನವಾಗಿತ್ತು. ಅದು ಆಕೆಗೆ ಗೊತ್ತಿತ್ತು. ಬೆಂಚಿಗೆ ಬೆರಳಿಟ್ಟು ನೋಡಿದರು. ಒಣಕಲು. ಯಾರದೋ ಕಿಡಿಗೇಡಿತನವೆಂದುಕೊಂಡು ಹಲಗೆಯನ್ನು ಪಕ್ಕಕ್ಕೆ ಸರಿಸಿ ಕಂಬದ ಬಳಿಯೇ ಕೂತರು. ಚಾವಣಿಯಿಂದ ಗಂಡನ ಧ್ವನಿ ಇಳಿಯಿತು. ಆ ಮಾತುಗಳನ್ನು ಮೇಸ್ತ್ರಿಯೇ ಮುಂದೆ ತಮ್ಮ ಅರವತ್ತನೆಯ ವಯಸ್ಸಿನಲ್ಲಿ ಮಕ್ಕಳೆದುರು ಹೇಳಿಕೊಂಡದ್ದರಿಂದ ಇಲ್ಲಿ ಬರೆಯಲು ಅಡ್ಡಿಯಿಲ್ಲ. ತನ್ನ ಪಾಪಕ್ಕೆ ತಾನೇ ಯಜಮಾನ.

"ಫಾದರ್, ಈಗ ತಾನೇ ಒಂದು ಬೆಂಚಿನ ಮೇಲೆ ಸುಳ್ಳು ಹಲಗೆ ಇಟ್ಟು ಬಂದೆ. ಮರದ ಪುಡಿ ಮೂಗಿಗೆ ಹೋಯ್ತು ಅಂತ ಮಗಳಿಗೆ ಸುಳ್ಳು ಹೇಳ್ದೆ. ಎರಡು ವಾರದಿಂದ ಜಪಸರದ ಹೊತ್ತಲ್ಲಿ ನಿದ್ದೆ ಬಂದ ಹಾಗೆ ನಟಿಸ್ತಿದ್ದೀನಿ. ಗೊರಕೇನೂ ಹೊಡೀತೀನಿ. ಯಾಕೆ ಅಂತ ಕೇಳಬೇಡಿ, ಹೇಳೋ ಹಾಗಿಲ್ಲ. ಒಬ್ಬರ ಆತ್ಮದ ಬಗ್ಗೆ ಭಯ ಆಗಿದೆ, ಫಾದರ್. ಒಳ್ಳೇ ಜೀವ ಅದು. ಅವರಿಗೇನಾದ್ರೂ ಶಿಕ್ಷೆ ಅಂತಿದ್ರೆ ಅದನ್ನ ನನ್ನ ತಲೆಗೆ ಹಾಕಿ. ಎಂಬತ್ತು ಸಾವಿರ ಆದ್ರೂ ಪರವಾಗಿಲ್ಲ, ಹೇಳಿ ಮುಗಿಸ್ತೀನಿ."

ಮೇಸ್ತ್ರಿಯಮ್ಮ ಎದ್ದು, ಹಲಗೆಯನ್ನು ಮೊದಲಿದ್ದ ಜಾಗದಲ್ಲೇ ನೆಟ್ಟಗೆ ನಿಲ್ಲಿಸಿ, ಸದ್ದಿಲ್ಲದೆ ಮನೆಗೆ ನಡೆದರು. ಕಂಬದ ಪಕ್ಕ ಕೂರುವವರು ಯಾರು, ತಾನು ಗೂಡಿಗೆ ಹೋದ ದಿನ ಅಲ್ಲಿ ಯಾರಿದ್ದರು ಎಂಬುದನ್ನು ಆಕೆಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಬಾಯಿಗೆ ಬೀಗ ಹಾಕಿಕೊಳ್ಳುವ ಸರದಿ ಈಗ ಆಕೆಯದು: ಗಂಡನ ಮಾತು ಕೇಳಿತೆಂದು ಹೇಳುವಂತಿರಲಿಲ್ಲ.

ಸಂಜೆ ಏಳು. ಮೂರನೆಯ ರಹಸ್ಯ. ಮೇಸ್ತ್ರಿಯ ಗಲ್ಲ ಇಳಿಯಿತು, ಕುದುರೆಯ ಸದ್ದು ಶುರುವಾಯಿತು. ಹಿರಿಮಗಳು ಮುಗಿಸಿದಳು. ಕಿರಿಮಗಳು ಐದನೆಯದಕ್ಕೆ ಬಾಯಿ ತೆರೆದಾಗ ತಾಯಿ ಕೈಯೆತ್ತಿ ತಡೆದರು.

"ಒಂದ್ನಿಮಿಷ ಇರ್ರೇ. ನಿಮಗೊಂದು ವಿಷಯ ಹೇಳ್ಬೇಕು. ನಾನು ಮೊನ್ನೆ ಪಾಪನಿವೇದನೆಗೆ ಹೋಗಿದ್ನಲ್ಲ, ಆಗ ಏನಾಯ್ತು ಅಂತ."

ಕುದುರೆ ಗಕ್ಕನೆ ನಿಂತಿತು.

"ಅಮ್ಮಾ, ಅದನ್ನೆಲ್ಲ ಹೇಳಬಾರದು!" ಎಂದಳು ಹಿರಿಮಗಳು.

"ನನ್ನ ಪಾಪ ನನ್ನದು ಕಣೇ. ಇಡೀ ಬೀದಿಗೆ ಬೇಕಾದ್ರೂ ಡಂಗುರ ಹೊಡಿಸ್ತೀನಿ. ನಾಲ್ಕನೇ ರಹಸ್ಯ ಹಾರಿಸ್ತೀನಿ ಅಂತ ಫಾದರ್‌ಗೆ ಹೇಳ್ದೆ. ಇವರು ಹಗಲೆಲ್ಲ ಗರಗಸ ಎಳೆದು ಬಂದು ಮಂಡಿ ಮೇಲೇ ನಿದ್ದೆ ಹೋಗ್ತಾರೆ, ಹತ್ತು ನಿಮಿಷ ಬೇಗ ಊಟ ಮಾಡಿ ಮಲಗ್ಲಿ ಅಂತ ಹಾರಿಸ್ತೀನಿ, ಆಮೇಲೆ ಅವರ ಬದಲು ನಾನೊಬ್ಬಳೇ ಪಾತ್ರೆ ತೊಳೀತಾ ಅದನ್ನ ಹೇಳಿ ಮುಗಿಸ್ತೀನಿ, ಇದು ಪಾಪಾನಾ ಅಂತ ಕೇಳ್ದೆ."

"ಪಾತ್ರೆ ತೊಳೀತಾ ನೀನು ಗೊಣಗೋದು ಅದಾ?" ಎಂದ ಎರಡನೆಯ ಮಗ ಬಾಯಿ ಬಿಟ್ಟುಕೊಂಡು. "ಅಪ್ಪನಿಗೆ ಬೈತಿದ್ದೀಯ ಅಂತ ನಾವೆಲ್ಲ ಅಂದ್ಕೊಂಡಿದ್ವಿ!"

"ನಾನೂ ಹಾಗೇ ಅಂದ್ಕೊಂಡಿದ್ದೆ," ಎಂಬ ಧ್ವನಿ ಬಂತು, ಎದೆಗೆ ತಾಗಿದ ಗಲ್ಲದ ಕೆಳಗಿನಿಂದ. ಆ ಭಯಕ್ಕೇ ಅವರು ಇಪ್ಪತ್ತೆರಡು ವರ್ಷ ಆ ಹೊತ್ತಿನಲ್ಲಿ ಅಡುಗೆಮನೆಯ ಕಡೆ ಸುಳಿದಿರಲಿಲ್ಲ.

ಮೇಸ್ತ್ರಿಯಮ್ಮ ಗಂಡನತ್ತ ತಿರುಗಲಿಲ್ಲ. ಮಕ್ಕಳಿಗೇ ಹೇಳಿದರು: "ಅದಕ್ಕೆ ಫಾದರ್ ಏನಂದ್ರು ಗೊತ್ತಾ? 'ಇದು ಪಾಪ ಅಲ್ಲಮ್ಮ. ದುಡಿದು ಬಂದವನನ್ನ ಮಲಗಿಸು, ಪಾತ್ರೆ ಜೊತೆಗೆ ಹೇಳಿದ್ದೂ ದೇವರಿಗೆ ಮುಟ್ಟುತ್ತೆ, ಹೀಗೇ ನಡೆಸ್ಕೊಂಡು ಹೋಗು' ಅಂದ್ರು."

ಮೇಸ್ತ್ರಿ ಕಣ್ಣು ಬಿಟ್ಟರು. ಎರಡು ವಾರದಿಂದ ಎದೆಯ ಮೇಲೆ ಕೂತಿದ್ದ ದಿಮ್ಮಿ ಉರುಳಿ ಹೋಗಿತ್ತು. ಅವಳ ಆತ್ಮಕ್ಕೆ ಗೆದ್ದಲೂ ಹಿಡಿದಿರಲಿಲ್ಲ, ಬಿರುಕೂ ಬಿಟ್ಟಿರಲಿಲ್ಲ. ಕೇಳಬೇಕಾದ ಪ್ರಶ್ನೆ ಒಂದಿತ್ತು: ಇಷ್ಟು ದಿನ ಇಲ್ಲದ್ದು ಇವತ್ತೇ ಯಾಕೆ ಹೇಳಿದೆ? ಹೆಂಡತಿಯ ಸೀರೆಯನ್ನು ನೋಡಿದರು. ಸೆರಗಿನ ತುದಿಗೆ, ಹಲಗೆಯ ಮೇಲೆ ತಾವು ಬರೆದಿದ್ದ ಸೀಮೆಸುಣ್ಣ ಅಂಟಿತ್ತು. ಕೇಳುವಂತಿರಲಿಲ್ಲ. ಕೇಳಲಿಲ್ಲ.

"ಇವಳೇ," ಎಂದರು, "ಇವತ್ತಿಂದ ಪಾತ್ರೆ ಒರೆಸೋಕೆ ನಾನು ಬರ್ತೀನಿ. ನಾಲ್ಕನೇದು ಇಬ್ರೂ ಸೇರಿ ಹೇಳೋಣ."

"ಬೇಡ ರೀ, ನಿಮಗೆ ನಿದ್ದೆ ಬರುತ್ತೆ."

"ನಿಂತ್ಕೊಂಡು ಯಾರಾದ್ರೂ ನಿದ್ದೆ ಮಾಡ್ತಾರೇನೇ?"

ಸೋಮವಾರ ಚಿಪ್ಪುಗಳು ಇಳಿದವು. ಅವುಗಳೊಂದಿಗೇ ದರ್ಜಿಯ ಭಕ್ತಿಯೂ ಇಳಿಯಿತು. ಗೂಡಿನ ಮೇಲ್ಭಾಗ ಮುಚ್ಚಿ, ಪಾದ್ರಿಗಳಿಗೆ ಒಂದು ಬೀಸಣಿಗೆ ಸಿಕ್ಕಿತು. ಆದರೆ ಅದಕ್ಕೂ ಮೊದಲು, ಆ ಶನಿವಾರವೇ ಊಟವಾದ ಮೇಲೆ, ಮೇಸ್ತ್ರಿ ತೋಳು ಮಡಚಿ ಅಡುಗೆಮನೆಗೆ ಬಂದು, ಹೆಂಡತಿ ತೊಳೆದುಕೊಟ್ಟ ತಟ್ಟೆಯನ್ನು ಒಂದು ಕೈಯಲ್ಲಿ, ಬಟ್ಟೆಯನ್ನು ಇನ್ನೊಂದರಲ್ಲಿ ಹಿಡಿದು, ಗೋಡೆಗೆ ಒರಗಿ, ನಾಲ್ಕನೆಯ ರಹಸ್ಯವನ್ನು ಗಂಭೀರವಾಗಿ ಆರಂಭಿಸಿದರು. ಆರನೆಯ ನಮೋ ಮರಿಯ ಅರ್ಧಕ್ಕೆ ನಿಂತಿತು. ಮೇಸ್ತ್ರಿಯಮ್ಮ ತಿರುಗಿ ನೋಡಿ, ಅವರ ಕೈಯಿಂದ ತಟ್ಟೆಯನ್ನು ಮೆಲ್ಲಗೆ ಬಿಡಿಸಿಕೊಂಡು, ಬಟ್ಟೆಯನ್ನು ಅಲ್ಲೇ ಬಿಟ್ಟರು. ಉಳಿದ ಮಣಿಗಳನ್ನು ಆಕೆಯೇ ಹೇಳಿ ಮುಗಿಸಿದರು, ತುಸು ಜೋರಾಗಿಯೇ. ಏಕೆಂದರೆ ಈ ಸಲದ ಗೊರಕೆ ಅಸಲಿಯಾಗಿತ್ತು.